ಒಪ್ಪಂದಕ್ಕೆ ಸಹಿ ಹಾಕಿದವರು ಯಾರು? : ಅಹಮದಾಬಾದು, ಮದರಾಸು, ಮುಂಬಯಿಗಳ ಕಾರ್ಮಿಕ ಒಡಂಬಡಿಕೆಗಳ ಚರಿತ್ರೆ

೧

ಶಾಸನಗಳನ್ನು ಓದುವವರಿಗೆ ಕೆಲವು ಪ್ರಶ್ನೆಗಳು ರೂಢಿಯಾಗಿರುತ್ತವೆ. ಕೊಟ್ಟವನು ಯಾರು, ಪಡೆದವನು ಯಾರು, ಸಾಕ್ಷಿಯಾಗಿ ನಿಂತವರು ಯಾರು, ಕಟ್ಟಳೆಯು ಎಷ್ಟು ಕಾಲ ನಡೆಯಬೇಕು, ಮುರಿದವನಿಗೆ ಒದಗುವುದೇನು ಎಂಬ ಐದು ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ಶಾಸನದ ಅರ್ಥ ನಿಶ್ಚಿತವಾಗುತ್ತದೆ. ಇಪ್ಪತ್ತನೆಯ ಶತಮಾನದ ಗಿರಣಿ, ಬಂದರು, ಕಾರ್ಖಾನೆಗಳಲ್ಲಿ ಮಾಲೀಕರಿಗೂ ಕಾರ್ಮಿಕ ಸಂಘಗಳಿಗೂ ನಡುವೆ ಏರ್ಪಟ್ಟ ಒಪ್ಪಂದಗಳನ್ನು ಇದೇ ರೀತಿಯಲ್ಲಿ ಓದಲು ಸಾಧ್ಯವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಅರ್ಥಶಾಸ್ತ್ರಜ್ಞರು ಈ ಒಪ್ಪಂದಗಳಲ್ಲಿ ವೇತನದ ಅಂಕಿಗಳನ್ನು ಹುಡುಕುತ್ತಾರೆ. ನ್ಯಾಯಶಾಸ್ತ್ರಜ್ಞರು ಕಲಮುಗಳನ್ನು ಹುಡುಕುತ್ತಾರೆ. ಚರಿತ್ರೆಯ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆ ಇವೆರಡಕ್ಕಿಂತ ಹಿಂದಿನದು: ಯಾರ ಹೆಸರಿನಲ್ಲಿ ಯಾರು ಸಹಿ ಹಾಕಿದರು? ಆ ಸಹಿಯ ಆವರಣದೊಳಗೆ ಯಾರು ಉಳಿದರು, ಹೊರಗೆ ಯಾರು ನಿಂತರು?

'ಸಾಮೂಹಿಕ ಚೌಕಾಸಿ' ಎಂಬುದು ಕನ್ನಡದಲ್ಲಿ ಈಗ ನೆಲೆಗೊಂಡಿರುವ ಪಾರಿಭಾಷಿಕ ಪದ. ಚೌಕಾಸಿ ಸಂತೆಯ ಮಾತು. ಕೊಳ್ಳುವವನೂ ಮಾರುವವನೂ ಬೆಲೆಯನ್ನು ಎಳೆದಾಡುವ ಕ್ರಿಯೆ. ಒಬ್ಬನೇ ಕಾರ್ಮಿಕನು ಗಿರಣಿಯ ಬಾಗಿಲಿನಲ್ಲಿ ನಿಂತಾಗ ಇಂತಹ ಎಳೆದಾಟಕ್ಕೆ ಅವಕಾಶವಿರುವುದಿಲ್ಲ. ಜಾಬರನು ಹೇಳಿದ ಕೂಲಿಗೆ ಒಪ್ಪಬೇಕು, ಇಲ್ಲವೆ ಹಿಂದಿರುಗಬೇಕು. ಅನೇಕರು ಒಂದಾಗಿ ನಿಂತಾಗ ಮಾತ್ರ ಚೌಕಾಸಿ ಸಾಧ್ಯ. ಆದುದರಿಂದ 'ಸಾಮೂಹಿಕ' ಎಂಬುದು ಇಲ್ಲಿ ಬರಿಯ ವಿಶೇಷಣವಲ್ಲ, ಚೌಕಾಸಿಯ ಪೂರ್ವಶರತ್ತು. ಆ ಚೌಕಾಸಿಯ ಫಲವು ಬರೆಹದ ರೂಪಕ್ಕೆ ಇಳಿದಾಗ ಅದನ್ನು ಒಪ್ಪಂದ, ಒಡಂಬಡಿಕೆ, ಕರಾರು ಎಂದು ಕರೆಯುತ್ತೇವೆ.

೨

ಕನ್ನಡ ನಾಡಿನ ಪ್ರಾಚೀನ ದಾಖಲೆಗಳಲ್ಲಿ ಪರಸ್ಪರ ಬಾಧ್ಯತೆಗಳನ್ನು ಬರೆದಿಡುವ ಪದ್ಧತಿ ಹೊಸತೇನಲ್ಲ. ಎಂಟನೆಯ ಶತಮಾನದ ಆದಿಭಾಗಕ್ಕೆ ಸೇರಿದ ಲಕ್ಷ್ಮೇಶ್ವರದ ಶಾಸನವು ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ 'ಆಚಾರವ್ಯವಸ್ಥೆ'. ರಾಜಪುರುಷರು ಏನನ್ನು ಪಾಲಿಸಬೇಕು, ಪುರಜನರು ಏನನ್ನು ಸಲ್ಲಿಸಬೇಕು ಎಂಬುದು ಅದರಲ್ಲಿ ಎರಡೂ ಕಡೆಗೆ ನಿಗದಿಯಾಗಿದೆ. ಅಯ್ಯಾವೊಳೆಯ ಐನೂರ್ವರ ಶಾಸನಗಳು ವರ್ತಕ ಸಮೂಹವೊಂದು ತನ್ನ ಸದಸ್ಯರೆಲ್ಲರ ಪರವಾಗಿ ನಿರ್ಣಯ ಕೈಗೊಳ್ಳುತ್ತಿದ್ದುದನ್ನು ತೋರಿಸುತ್ತವೆ. ವಿಜಯನಗರದ ಕಾಲದಲ್ಲಿ, ೧೪೨೯ರಲ್ಲಿ, ತಮಿಳು ಪ್ರದೇಶದ ಬಲಗೈ ಹಾಗೂ ಎಡಗೈ ಸಮುದಾಯಗಳು ಒಗ್ಗೂಡಿ, ತಾವು ಯಾವ ತೆರಿಗೆಯನ್ನು ಎಷ್ಟು ಕೊಡುವೆವೆಂದು ತಾವೇ ಗೊತ್ತುಪಡಿಸಿಕೊಂಡು ಕಲ್ಲಿನ ಮೇಲೆ ಬರೆಯಿಸಿದವು.

ಹೀಗೆಂದು ಇವುಗಳನ್ನು ಆಧುನಿಕ ಕಾರ್ಮಿಕ ಒಪ್ಪಂದದ ಪೂರ್ವರೂಪವೆನ್ನುವುದು ಆತುರದ ಮಾತಾದೀತು. ಲಕ್ಷ್ಮೇಶ್ವರದ ವ್ಯವಸ್ಥೆಯು ಪ್ರಭುವಿನಿಂದ ಬಂದ ಅನುಗ್ರಹ. ಐನೂರ್ವರು ಸರಕಿನ ಒಡೆಯರೇ ಹೊರತು ಕೂಲಿಯಾಳುಗಳಲ್ಲ. ೧೪೨೯ರ ನಿರ್ಣಯದ ವಿಷಯ ತೆರಿಗೆ, ಕೂಲಿಯಲ್ಲ. ತನ್ನ ದುಡಿಮೆಯನ್ನಲ್ಲದೆ ಬೇರೇನನ್ನೂ ಮಾರಲಾರದ ಮನುಷ್ಯನು ಸಮೂಹವಾಗಿ ಸಹಿ ಹಾಕುವ ಸಂದರ್ಭ ಕಾರ್ಖಾನೆಗಳ ಬಳಿಕವೇ ಬಂದದ್ದು. ಆದರೂ ಒಂದು ಪದದ ಪ್ರಯಾಣವನ್ನು ಇಲ್ಲಿ ಗುರುತಿಸಬೇಕು. ಕನ್ನಡ ಶಾಸನಗಳಲ್ಲಿ 'ಮಹಾಜನ'ರು ಅಗ್ರಹಾರದ ಬ್ರಾಹ್ಮಣ ಸಭೆ. ಗುಜರಾತಿನಲ್ಲಿ 'ಮಹಾಜನ' ವರ್ತಕರ ಶ್ರೇಣಿ. ೧೯೨೦ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರ ಸಂಘಟನೆಯು 'ಮಜೂರ್ ಮಹಾಜನ' ಎಂಬ ಹೆಸರನ್ನು ಧರಿಸಿತು. ಎದುರು ಪಕ್ಷದವರ ಸಂಸ್ಥೆಗೆ ಸಲ್ಲುತ್ತಿದ್ದ ಗೌರವದ ಹೆಸರನ್ನು ಕೂಲಿಕಾರರು ತಮ್ಮದಾಗಿಸಿಕೊಂಡ ಈ ಘಟನೆಯು ಭಾಷೆಯ ಚರಿತ್ರೆಗೂ ಸೇರಿದ್ದು, ಕಾರ್ಮಿಕರ ಚರಿತ್ರೆಗೂ ಸೇರಿದ್ದು.

೩

ಸಂಘಗಳಿಗೆ ಕಾನೂನಿನ ಮನ್ನಣೆ ದೊರೆಯುವ ಬಹಳ ಮೊದಲೇ ಒಪ್ಪಂದಗಳು ಆರಂಭವಾದವು. ಜೋತಿಬಾ ಫುಲೆಯವರ ಸಹವರ್ತಿಯೂ 'ದೀನಬಂಧು' ಪತ್ರಿಕೆಯ ಸಂಪಾದಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಿಂದಲೂ ಮುಂಬಯಿಯ ಗಿರಣಿ ಕೆಲಸಗಾರರ ಬೇಡಿಕೆಗಳನ್ನು ಮುಂದಿಡುತ್ತ ಬಂದಿದ್ದರು. ೧೮೯೦ರ ಏಪ್ರಿಲ್ ತಿಂಗಳಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ನೆರೆದ ಸಭೆಯಲ್ಲಿ ಇಬ್ಬರು ಮಹಿಳೆಯರೂ ಮಾತನಾಡಿದರು. ವಾರಕ್ಕೊಂದು ದಿನದ ಬಿಡುವನ್ನು ಕೇಳಿ ಸಲ್ಲಿಸಿದ ಮನವಿಯನ್ನು ಗಿರಣಿ ಮಾಲೀಕರ ಸಂಘವು ಅದೇ ವರ್ಷದ ಜೂನಿನಲ್ಲಿ ಒಪ್ಪಿಕೊಂಡಿತು. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆಗೆ ಸ್ಥಾನ ದೊರೆಯಿತು.

ಈ ಮೊದಲ ನಿದರ್ಶನದಲ್ಲಿಯೇ ಮುಂದಿನ ಚರಿತ್ರೆಯ ಎರಡು ಲಕ್ಷಣಗಳು ಕಾಣಿಸುತ್ತವೆ. ಒಂದು, ಕಾಯಿದೆಗಿಂತ ಒಪ್ಪಂದವು ಮುಂದೆ ನಡೆದು, ಬಳಿಕ ಕಾಯಿದೆಯು ಅದನ್ನು ಎಲ್ಲರಿಗೂ ವಿಸ್ತರಿಸುತ್ತದೆ. ಎರಡು, ಲೋಖಂಡೆಯವರ ಸಂಘಕ್ಕೆ ಇಂದಿನ ಅರ್ಥದ ಸದಸ್ಯತ್ವವಾಗಲಿ ವಂತಿಗೆಯಾಗಲಿ ಇರಲಿಲ್ಲ. ಮಾಲೀಕರು ಕೇಳಿದ್ದನ್ನು ಕೊಟ್ಟರು, ಆದರೆ ಕೇಳಿದವರೊಡನೆ ಕರಾರು ಮಾಡಿಕೊಳ್ಳಲಿಲ್ಲ. ಕೊಟ್ಟದ್ದು ರಿಯಾಯಿತಿಯಾಗಿ ಉಳಿಯಿತು.

ರಿಯಾಯಿತಿಯು ಕರಾರಾಗಿ ಮಾರ್ಪಟ್ಟ ಪ್ರಸಂಗ ಅಹಮದಾಬಾದಿನದು. ೧೯೧೭ರಲ್ಲಿ ಪ್ಲೇಗು ಹಬ್ಬಿದಾಗ ಕೆಲಸಗಾರರು ಊರು ಬಿಟ್ಟು ಹೋಗದಂತೆ ತಡೆಯಲು ಗಿರಣಿಗಳು 'ಪ್ಲೇಗ್ ಬೋನಸ್' ಕೊಟ್ಟವು. ಕಾಯಿಲೆ ಇಳಿದ ಬಳಿಕ, ೧೯೧೮ರ ಆರಂಭದಲ್ಲಿ, ಅದನ್ನು ನಿಲ್ಲಿಸಲು ಹೊರಟರು. ಯುದ್ಧಕಾಲದ ಬೆಲೆಯೇರಿಕೆ ಮಾತ್ರ ಇಳಿದಿರಲಿಲ್ಲ. ನೇಯ್ಗೆಯವರು ಶೇಕಡ ೫೦ರಷ್ಟು ಹೆಚ್ಚಳ ಕೇಳಿದರು. ಮಾಲೀಕರು ೨೦ಕ್ಕೆ ಒಪ್ಪಿದರು. ಗಾಂಧೀಜಿಯವರು ವಿಚಾರಣೆ ನಡೆಸಿ ೩೫ ನ್ಯಾಯವೆಂದರು. ಮಾಲೀಕರ ಪಕ್ಷದ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಸೋದರಿ ಅನಸೂಯಾ ಸಾರಾಭಾಯಿ. ಫೆಬ್ರವರಿ ೨೨ರಂದು ಬೀಗಮುದ್ರೆಯಾಯಿತು. ಮಾರ್ಚ್ ೧೫ರಂದು ಗಾಂಧೀಜಿ ಉಪವಾಸಕ್ಕೆ ಕುಳಿತರು, ೧೮ರಂದು ಒಡಂಬಡಿಕೆಯಾಯಿತು.

ಈ ಒಡಂಬಡಿಕೆಯ ಷರತ್ತು ಗಮನಾರ್ಹವಾದುದು. ಮೊದಲ ದಿನ ಶೇಕಡ ೩೫. ಅದರಿಂದ ಕಾರ್ಮಿಕರ ಪ್ರತಿಜ್ಞೆ ಉಳಿಯಿತು. ಎರಡನೆಯ ದಿನ ಶೇಕಡ ೨೦. ಅದರಿಂದ ಮಾಲೀಕರ ಮಾತು ಉಳಿಯಿತು. ಮೂರನೆಯ ದಿನದಿಂದ ಪಂಚರ ತೀರ್ಪು ಬರುವವರೆಗೆ ಶೇಕಡ ೨೭.೫. ಪಂಚರಾಗಿ ಆನಂದಶಂಕರ ಧ್ರುವ ಅವರನ್ನು ಉಭಯ ಪಕ್ಷಗಳೂ ಒಪ್ಪಿದವು. ಅವರು ಅದೇ ವರ್ಷ ಶೇಕಡ ೩೫ನ್ನೇ ಎತ್ತಿಹಿಡಿದರು. ಮೊದಲೆರಡು ದಿನಗಳ ಅಂಕಿಗಳಿಗೆ ಆರ್ಥಿಕವಾಗಿ ಹೆಚ್ಚಿನ ಬೆಲೆಯಿಲ್ಲ. ಆದರೆ ಒಪ್ಪಂದವೆಂಬುದು ಹಣದ ಹಂಚಿಕೆಯಷ್ಟೇ ಅಲ್ಲ, ಎರಡೂ ಪಕ್ಷಗಳ ಮರ್ಯಾದೆಯನ್ನು ಕಾಯುವ ಬರೆಹವೂ ಹೌದು ಎಂಬುದನ್ನು ಅವು ಸೂಚಿಸುತ್ತವೆ. ತಮ್ಮ ಉಪವಾಸವು ಮಾಲೀಕರ ಮೇಲೆ ಒತ್ತಾಯದಂತೆ ಎರಗಿತೆಂಬ ಅಳುಕನ್ನು ಗಾಂಧೀಜಿಯವರೇ ಮುಂದೆ ಬರೆದುಕೊಂಡಿದ್ದಾರೆ. ಒಪ್ಪಿಗೆಯು ನಿಜವಾದ ಒಪ್ಪಿಗೆಯೇ ಎಂಬ ಪ್ರಶ್ನೆ ಹೀಗೆ ಮೊದಲ ದೊಡ್ಡ ಒಡಂಬಡಿಕೆಯ ಜೊತೆಯಲ್ಲಿಯೇ ಹುಟ್ಟಿತು.

೧೯೨೦ರಲ್ಲಿ ಮಜೂರ್ ಮಹಾಜನ ಸ್ಥಾಪನೆಯಾದ ಬಳಿಕ ಗಾಂಧೀಜಿಯವರನ್ನೂ ಮಾಲೀಕರ ಪರವಾಗಿ ಸೇಠ್ ಮಂಗಳದಾಸರನ್ನೂ ಒಳಗೊಂಡ ಪಂಚ ಮಂಡಲಿಯು ಏರ್ಪಟ್ಟಿತು. ಶಂಕರಲಾಲ್ ಬ್ಯಾಂಕರ್, ಗುಲ್ಜಾರಿಲಾಲ್ ನಂದಾ ಮೊದಲಾದವರು ಸಂಘದ ಕಚೇರಿಯನ್ನು ದೂರುಗಳನ್ನು ಬರೆದುಕೊಂಡು ಬೆನ್ನು ಹತ್ತುವ ಸಂಸ್ಥೆಯನ್ನಾಗಿ ಬೆಳೆಸಿದರು. ಆ ಪರಂಪರೆಯ ಫಲವಾಗಿ ೧೯೫೫ರಲ್ಲಿ ಗಿರಣಿ ಮಾಲೀಕರ ಸಂಘಕ್ಕೂ ಮಜೂರ್ ಮಹಾಜನಕ್ಕೂ ನಡುವೆ ಬೋನಸ್ ಒಪ್ಪಂದವೊಂದು ಏರ್ಪಟ್ಟಿತು. ಲಾಭವಿಲ್ಲದ ವರ್ಷದಲ್ಲಿಯೂ ಮೂಲವೇತನದ ಶೇಕಡ ೪.೮ರ ಕನಿಷ್ಠ ಬೋನಸ್, ಲಾಭ ಎಷ್ಟೇ ಇದ್ದರೂ ಶೇಕಡ ೨೫ರ ಗರಿಷ್ಠ ಮಿತಿ, ಒಳ್ಳೆಯ ವರ್ಷದ ಹೆಚ್ಚುವರಿಯನ್ನು ಕೆಟ್ಟ ವರ್ಷಕ್ಕೆ ಒಯ್ಯುವ ಏರ್ಪಾಡು ಇದರಲ್ಲಿದ್ದವು. ಹತ್ತು ವರ್ಷಗಳ ತರುವಾಯ, ೧೯೬೫ರ ಬೋನಸ್ ಪಾವತಿ ಕಾಯಿದೆಯಲ್ಲಿ ಕನಿಷ್ಠ, ಗರಿಷ್ಠ ಮತ್ತು ಮುಂದಕ್ಕೆ ಒಯ್ಯುವ ಈ ಮೂರು ತತ್ತ್ವಗಳೂ ಬೇರೆ ಅಂಕಿಗಳೊಡನೆ ಕಾಣಿಸಿಕೊಂಡವು. ೧೮೯೦ರ ವಾರದ ರಜೆಯಂತೆಯೇ ಇಲ್ಲಿಯೂ ಒಪ್ಪಂದ ಮುಂದೆ, ಕಾಯಿದೆ ಹಿಂದೆ.

೪

ಸಂಘಕ್ಕೆ ಕಾನೂನಿನ ರಕ್ಷಣೆಯಿಲ್ಲದಿದ್ದಾಗ ಒಪ್ಪಂದವು ಯಾವ ರೂಪ ತಾಳಬಹುದು ಎಂಬುದಕ್ಕೆ ಮದರಾಸು ಸಾಕ್ಷಿ. ೧೯೧೮ರ ಏಪ್ರಿಲ್‌ನಲ್ಲಿ ಬಿ. ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ಅದರ ಸದಸ್ಯರಲ್ಲಿ ಬಹುಮಂದಿ ಬಿನ್ನಿ ಸಂಸ್ಥೆಯ ಆಡಳಿತದಲ್ಲಿದ್ದ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರು. ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯ ಆಡಳಿತವೂ ಇದೇ ಬಿನ್ನಿಯ ಕೈಯಲ್ಲಿತ್ತೆಂಬುದನ್ನು ಕನ್ನಡ ಓದುಗರು ನೆನೆಯಬಹುದು. ೧೯೨೦ರಲ್ಲಿ ಬೀಗಮುದ್ರೆಯ ಸಂದರ್ಭದಲ್ಲಿ ಕಂಪನಿಯು ಮದರಾಸು ಹೈಕೋರ್ಟಿಗೆ ಹೋಗಿ, ಕಾರ್ಮಿಕರು ತಮ್ಮ ಕೆಲಸದ ಕರಾರನ್ನು ಮುರಿಯುವಂತೆ ವಾಡಿಯಾ ಅವರು ಪ್ರೇರೇಪಿಸುತ್ತಿದ್ದಾರೆಂದು ಆಪಾದಿಸಿ ತಡೆಯಾಜ್ಞೆ ಪಡೆಯಿತು. ಕೊನೆಗೆ ಆದ ರಾಜಿಯ ಫಲವಾಗಿ ವಾಡಿಯಾ ಅವರು ಸಂಘದ ಸಂಬಂಧವನ್ನು ಕಡಿದುಕೊಂಡರು.

ಒಬ್ಬೊಬ್ಬ ಕೆಲಸಗಾರನೂ ಕಂಪನಿಯೊಡನೆ ಪ್ರತ್ಯೇಕವಾಗಿ ಮಾಡಿಕೊಂಡ ಕರಾರನ್ನು ಕಾನೂನು ಪವಿತ್ರವೆಂದು ಕಂಡಿತು. ಸಮೂಹವು ಒಟ್ಟಾಗಿ ಅದನ್ನು ಬದಲಿಸಹೊರಟುದನ್ನು ಒಳಸಂಚಿನಂತೆ ಕಂಡಿತು. ಇದೇ ಈ ಪ್ರಸಂಗದ ತಿರುಳು. ಕೇಂದ್ರ ಶಾಸನ ಸಭೆಯಲ್ಲಿ ಎನ್. ಎಂ. ಜೋಶಿಯವರು ೧೯೨೧ರಲ್ಲಿ ಈ ವಿಷಯವನ್ನೆತ್ತಿದರು. ೧೯೨೬ರ ಕಾರ್ಮಿಕ ಸಂಘಗಳ ಕಾಯಿದೆಯು ನೋಂದಾಯಿತ ಸಂಘಗಳಿಗೆ ಇಂತಹ ಮೊಕದ್ದಮೆಗಳಿಂದ ರಕ್ಷಣೆ ನೀಡಿತು. ಆದರೆ ಆ ಕಾಯಿದೆ ಸಂಘವನ್ನು ಉಳಿಸಿತೇ ಹೊರತು, ಮಾಲೀಕನು ಅದರೊಡನೆ ಮಾತನಾಡಲೇಬೇಕೆಂದು ಹೇಳಲಿಲ್ಲ. 'ಯಾರೊಡನೆ ಮಾತನಾಡಬೇಕು' ಎಂಬ ಈ ಪ್ರಶ್ನೆಯೇ ಮುಂಬಯಿಯ ಚರಿತ್ರೆಯನ್ನು ಅರ್ಧ ಶತಮಾನ ಕಾಲ ಆಳಿತು.

೫

೧೯೨೮ರ ಏಪ್ರಿಲ್‌ನಿಂದ ಅಕ್ಟೋಬರಿನವರೆಗೆ ಮುಂಬಯಿಯ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ನಡೆಸಿದ ಮುಷ್ಕರವು ಹದಿನೇಳು ಬೇಡಿಕೆಗಳ ಸುತ್ತ ನಡೆಯಿತು. ವೇತನದ ಏಕರೂಪತೆ, ಹೆಚ್ಚು ಮಗ್ಗಗಳನ್ನು ಒಬ್ಬನಿಗೆ ವಹಿಸುವ ಪದ್ಧತಿ, ದಂಡ, ಶಿಸ್ತಿನ ನಿಯಮಗಳು ಇವುಗಳಲ್ಲಿ ಮುಖ್ಯವಾದವು. ಅದುವರೆಗೆ ಒಂದೇ ಕೆಲಸಕ್ಕೆ ಗಿರಣಿಯಿಂದ ಗಿರಣಿಗೆ ಬೇರೆ ಬೇರೆ ದರವಿತ್ತು. ಫಾಸೆಟ್ ಸಮಿತಿಯ ವಿಚಾರಣೆಗೆ ಒಪ್ಪಿಸುವುದರೊಂದಿಗೆ ಮುಷ್ಕರ ಕೊನೆಗೊಂಡಿತು. ಕೆಲಸದ ವಿವರ, ದರ, ಹಾಜರಿ, ದಂಡ ಎಲ್ಲವೂ ಉಭಯ ಪಕ್ಷಗಳು ಕುಳಿತು ಚರ್ಚಿಸಬಹುದಾದ ವಿಷಯಗಳೆಂಬುದು ಇದರಿಂದ ಸ್ಥಾಪಿತವಾಯಿತು. ಗಿರಣಿಯೊಳಗಿನ ಆಡಳಿತವು ಮಾಲೀಕನ ಖಾಸಗಿ ವಿಷಯವೆಂಬ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಇದು.

ಆದರೆ ಹದಿನೇಳು ಬೇಡಿಕೆಗಳ ಪಟ್ಟಿಯಲ್ಲಿ ಒಂದು ವಿಷಯವಿರಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ ಹೆಚ್ಚು ಕೂಲಿ ದೊರೆಯುತ್ತಿದ್ದುದು ನೇಯ್ಗೆಯ ವಿಭಾಗದಲ್ಲಿ. ಅಲ್ಲಿ ಲಾಳಿಗೆ ದಾರವನ್ನು ಬಾಯಿಂದ ಹೀರಿ ಎಳೆಯಬೇಕಾಗಿದ್ದುದರಿಂದ, ಮೈಲಿಗೆಯ ಹೆಸರಿನಲ್ಲಿ, ಅಸ್ಪೃಶ್ಯರೆನಿಸಿಕೊಂಡವರಿಗೆ ಆ ವಿಭಾಗದಲ್ಲಿ ಪ್ರವೇಶವಿರಲಿಲ್ಲ. ಇದನ್ನು ಜಾರಿಯಲ್ಲಿರಿಸಿದ್ದವರು ಮಾಲೀಕರಷ್ಟೇ ಅಲ್ಲ, ಸಹಕಾರ್ಮಿಕರೂ ಹೌದು. ಡಾ. ಬಿ. ಆರ್. ಅಂಬೇಡ್ಕರರು ಇದೇ ಮುಷ್ಕರದ ಕಾಲದಲ್ಲಿ ಈ ಬಹಿಷ್ಕಾರದ ನಿವಾರಣೆಯನ್ನೂ ಬೇಡಿಕೆಗಳಲ್ಲಿ ಸೇರಿಸಬೇಕೆಂದು ಒತ್ತಾಯಿಸಿದರು. ಒಪ್ಪಂದದ ಇತಿಹಾಸದಲ್ಲಿ ಇದೊಂದು ನಿರ್ಣಾಯಕ ಕ್ಷಣ. ಸಮೂಹದ ಹೆಸರಿನಲ್ಲಿ ಮಾತನಾಡುವವರು ಸಮೂಹದೊಳಗಿನ ತಾರತಮ್ಯದ ಬಗ್ಗೆ ಮೌನವಾಗಿದ್ದರೆ ಆ ಒಪ್ಪಂದವು ತಾರತಮ್ಯಕ್ಕೂ ಸಹಿ ಹಾಕಿದಂತೆ.

೧೯೩೪ರಲ್ಲಿ ಮುಂಬಯಿ ಪ್ರಾಂತವು ರಾಜಿ ಸಂಧಾನದ ಕಾಯಿದೆಯನ್ನು, ೧೯೩೮ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಯನ್ನು ತಂದಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಕಾರ್ಮಿಕ ಶಾಸನದ ಈ ಪ್ರಯೋಗಗಳು ಕರ್ನಾಟಕದ ಒಂದು ಭಾಗದ ಚರಿತ್ರೆಯೂ ಹೌದು. ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆಯನ್ನಷ್ಟೇ ಕರ್ನಾಟಕದ ಕಾರ್ಮಿಕ ಚರಿತ್ರೆಯೆಂದು ಓದುವವರು ಇದನ್ನು ಮರೆಯಬಾರದು. ೧೯೩೮ರ ಕಾಯಿದೆಯು ಸಂಧಾನವು ಮುಗಿಯುವ ಮುನ್ನ ಮುಷ್ಕರ ಹೂಡುವುದನ್ನು ಅಪರಾಧವೆಂದಿತು. ಅದನ್ನು ವಿರೋಧಿಸಿ ನವೆಂಬರ್ ೭ರಂದು ಒಂದು ದಿನದ ಮುಷ್ಕರ ನಡೆಯಿತು. ಮುಷ್ಕರದ ಹಕ್ಕೆಂಬುದು ಸ್ವಾತಂತ್ರ್ಯದ ಹಕ್ಕಿನ ಇನ್ನೊಂದು ಹೆಸರೆಂಬುದು ಶಾಸನ ಸಭೆಯಲ್ಲಿ ಅಂಬೇಡ್ಕರರ ವಾದವಾಗಿತ್ತು. ಕೆಲಸ ನಿಲ್ಲಿಸುವ ಶಕ್ತಿಯಿಲ್ಲದವನ ಚೌಕಾಸಿಯು ಬೇಡಿಕೆಯಾಗಿ ಉಳಿಯದೆ ಬೇಡುವಿಕೆಯಾಗುತ್ತದೆಂಬ ತಿಳಿವಳಿಕೆ ಇದರ ಹಿಂದಿದೆ.

೧೯೪೬ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯು 'ಪ್ರಾತಿನಿಧಿಕ ಸಂಘ' ಎಂಬ ಕಲ್ಪನೆಗೆ ಪೂರ್ಣ ರೂಪ ಕೊಟ್ಟಿತು. ಒಂದು ಪ್ರದೇಶದ ಒಂದು ಕೈಗಾರಿಕೆಯಲ್ಲಿ ನಿಗದಿತ ಪ್ರಮಾಣದ ಸದಸ್ಯರನ್ನು ತೋರಿಸಿದ ಸಂಘಕ್ಕೆ ಎಲ್ಲ ಕಾರ್ಮಿಕರ ಪರವಾಗಿ ಮಾತನಾಡುವ ಅಧಿಕಾರ ದೊರೆಯಿತು. ಇದರ ಉದ್ದೇಶ ಅಸಂಗತವೇನಲ್ಲ. ಸಂಘಗಳು ಪರಸ್ಪರ ಕಚ್ಚಾಡುವಲ್ಲಿ ಯಾವ ಒಪ್ಪಂದವೂ ನಿಲ್ಲುವುದಿಲ್ಲ. ೧೯೪೭ರಲ್ಲಿ ಕೈಗಾರಿಕಾ ನ್ಯಾಯಾಲಯದ ತೀರ್ಪು ಮುಂಬಯಿ ಗಿರಣಿಗಳಿಗೆಲ್ಲ ತಿಂಗಳಿಗೆ ೩೦ ರೂಪಾಯಿಗಳ ಕನಿಷ್ಠ ಮೂಲವೇತನವನ್ನೂ ಏಕರೂಪದ ದರಗಳನ್ನೂ ನಿಗದಿಪಡಿಸಿತು. ೧೯೨೮ರ ಬೇಡಿಕೆಯೊಂದು ಎರಡು ದಶಕಗಳ ಬಳಿಕ ಹೀಗೆ ಈಡೇರಿತು.

ದೋಷ ಬೇರೆಡೆ ಇತ್ತು. ಸದಸ್ಯತ್ವವನ್ನು ಪರೀಕ್ಷಿಸುತ್ತಿದ್ದುದು ಸಂಘದ ದಾಖಲೆಗಳ ಮೂಲಕ. ಕಾರ್ಮಿಕರ ಗುಪ್ತ ಮತದಾನದ ಮೂಲಕವಲ್ಲ. ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘವು ಪಡೆದ ಪ್ರಾತಿನಿಧ್ಯವನ್ನು ಕದಲಿಸುವುದು ಹೆಚ್ಚುಕಡಿಮೆ ಅಸಾಧ್ಯವಾಯಿತು. ೧೯೫೦ರಲ್ಲಿ ಅಶೋಕ ಮೆಹ್ತಾ ಅವರ ನೇತೃತ್ವದ ಮಿಲ್ ಮಜ್ದೂರ್ ಸಭಾ ಬೋನಸಿಗಾಗಿ ಎರಡು ತಿಂಗಳ ಮುಷ್ಕರ ನಡೆಸಿತು. ಅಪಾರ ಸಂಖ್ಯೆಯಲ್ಲಿ ಕಾರ್ಮಿಕರು ಪಾಲ್ಗೊಂಡರೂ, ಕಾನೂನಿನ ಕಣ್ಣಿನಲ್ಲಿ ಆ ಸಂಘವು ಯಾರ ಪ್ರತಿನಿಧಿಯೂ ಆಗಿರಲಿಲ್ಲ, ಮುಷ್ಕರ ಮುರಿದುಬಿತ್ತು. ಮುಂದಿನ ಮೂರು ದಶಕಗಳಲ್ಲಿ ಒಪ್ಪಂದಗಳು ಆಗುತ್ತಲೇ ಇದ್ದವು, ಆದರೆ ಅವುಗಳ ಅಡಿಯಲ್ಲಿದ್ದ ಸಹಿಯನ್ನು ತಮ್ಮದೆಂದು ಭಾವಿಸುವವರ ಸಂಖ್ಯೆ ಕುಗ್ಗುತ್ತ ಹೋಯಿತು. ವರ್ಷಗಟ್ಟಲೆ ದುಡಿದರೂ ಕಾಯಂ ಆಗದೆ, ಪ್ರತಿ ಬೆಳಗ್ಗೆ ಗಿರಣಿಯ ಬಾಗಿಲಿನಲ್ಲಿ ಗೈರುಹಾಜರಾದವನ ಜಾಗಕ್ಕಾಗಿ ಕಾಯುತ್ತಿದ್ದ 'ಬದಲಿ'ಗಳ ಅಸಮಾಧಾನ ಎಲ್ಲರಿಗಿಂತ ಹೆಚ್ಚಿನದಾಗಿತ್ತು.

೧೯೮೧ರ ಬೋನಸ್ ವಿವಾದದಲ್ಲಿ ಈ ಅಸಮಾಧಾನ ಸ್ಫೋಟಿಸಿತು. ಇತರ ಕಾರ್ಖಾನೆಗಳಲ್ಲಿ ದೊಡ್ಡ ವೇತನ ಒಪ್ಪಂದಗಳನ್ನು ಗಳಿಸಿಕೊಟ್ಟು ಹೆಸರಾಗಿದ್ದ ಡಾ. ದತ್ತಾ ಸಾಮಂತರನ್ನು ಗಿರಣಿ ಕಾರ್ಮಿಕರು ತಾವಾಗಿ ಕರೆತಂದರು. ೧೯೮೨ರ ಜನವರಿ ೧೮ರಿಂದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಆರಂಭವಾಯಿತು. ವೇತನದ ಏರಿಕೆ, ಬದಲಿಗಳ ಕಾಯಮಾತಿ ಇವುಗಳ ಜೊತೆಗೆ ೧೯೪೬ರ ಕಾಯಿದೆಯ ರದ್ದತಿಯೂ ಬೇಡಿಕೆಯಾಗಿತ್ತು. ಆಗ ಕಾನೂನಿನ ವಿಚಿತ್ರ ಸ್ಥಿತಿಯೊಂದು ಎದುರಾಯಿತು. ಮುಷ್ಕರ ನಿರತರು ಒಪ್ಪಿದ ನಾಯಕನಿಗೆ ಸಹಿಯ ಅಧಿಕಾರವಿರಲಿಲ್ಲ. ಸಹಿಯ ಅಧಿಕಾರವಿದ್ದ ಸಂಘದ ಮಾತನ್ನು ಮುಷ್ಕರ ನಿರತರು ಕೇಳುತ್ತಿರಲಿಲ್ಲ. ಹೀಗಾಗಿ ಮುಷ್ಕರವನ್ನು ಕೊನೆಗಾಣಿಸಬಲ್ಲ ಒಪ್ಪಂದವೇ ಸಾಧ್ಯವಾಗಲಿಲ್ಲ. ಅಧಿಕೃತವಾಗಿ ಹಿಂತೆಗೆದುಕೊಳ್ಳದೆಯೇ ಅದು ಸವೆದುಹೋಯಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಯಂತ್ರಗಳ ಜೀರ್ಣತೆ, ಪವರ್‌ಲೂಮುಗಳ ಪೈಪೋಟಿ, ಗಿರಣಿ ಜಮೀನಿನ ಏರುಬೆಲೆ ಇವೆಲ್ಲ ಗಿರಣಿಗಳ ಅವನತಿಗೆ ಕಾರಣಗಳೇ. ಆದರೆ ಸೋಲು ಅಷ್ಟು ಸಂಪೂರ್ಣವಾದುದಕ್ಕೆ, ಮಾತುಕತೆಯ ಮೇಜಿನ ಒಂದು ಬದಿಯಲ್ಲಿ ಕಾರ್ಮಿಕರು ನಂಬಿದವರು ಕುಳಿತುಕೊಳ್ಳಲು ಕಾನೂನು ಅವಕಾಶ ಕೊಡದಿದ್ದುದೂ ಒಂದು ಕಾರಣವೆಂದೇ ನಾವು ತಿಳಿಯಬೇಕು.

೬

ಗಿರಣಿಗಳಿಂದ ಅನತಿ ದೂರದ ಮುಂಬಯಿ ಬಂದರಿನಲ್ಲಿ ಚರಿತ್ರೆ ಬೇರೆ ದಾರಿ ಹಿಡಿಯಿತು. ಹಡಗಿನ ಸರಕು ಏರಿಳಿಸುವವರು ದಿನಗೂಲಿಗಳು. ಹಡಗು ಬಂದರೆ ಕೆಲಸ, ಇಲ್ಲದಿದ್ದರೆ ಉಪವಾಸ. ಯಾವ ತಂಡಕ್ಕೆ ಕೆಲಸ ಕೊಡಬೇಕೆಂಬುದು ಟೋಳಿಯ ಮುಖಂಡನ ಇಚ್ಛೆ. ಈ ಅನಿಶ್ಚಿತತೆಯನ್ನು ತೊಡೆಯಬೇಕೆಂದು ೧೯೩೧ರಲ್ಲಿಯೇ ವ್ಹಿಟ್ಲಿ ಆಯೋಗವು ಸೂಚಿಸಿತ್ತು. ೧೯೪೮ರ ಡಾಕ್ ಕಾರ್ಮಿಕರ ಕಾಯಿದೆಯ ಮೇರೆಗೆ ೧೯೫೧ರಲ್ಲಿ ಮುಂಬಯಿ ಡಾಕ್ ಲೇಬರ್ ಬೋರ್ಡ್ ಆರಂಭವಾಯಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಈ ಮೂವರ ಪ್ರತಿನಿಧಿಗಳೂ ಅದರಲ್ಲಿದ್ದರು. ಕಾರ್ಮಿಕರ ಹೆಸರುಗಳು ನೋಂದಣಿ ಪುಸ್ತಕಕ್ಕೆ ಬಂದವು. ಸರದಿಯ ಪ್ರಕಾರ ಕೆಲಸ ಹಂಚಿಕೆಯಾಯಿತು. ಹಾಜರಾಗಿಯೂ ಕೆಲಸ ಸಿಗದ ದಿನಕ್ಕೆ ಹಾಜರಿ ಭತ್ಯೆ ದೊರೆಯಿತು.

ಈ ಬದಲಾವಣೆಯ ಹಿಂದಿದ್ದ ಸಂಘಟನೆಯನ್ನು ಕಟ್ಟಿದವರಲ್ಲಿ ಪ್ರಮುಖರು ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ ಪಿ. ಡಿಮೆಲ್ಲೊ. ೧೯೫೮ರಲ್ಲಿ ಅಕಾಲ ಮರಣಕ್ಕೀಡಾದ ಅವರ ಹೆಸರನ್ನು ಬಂದರಿನ ಬದಿಯ ಹೆದ್ದಾರಿಯೊಂದು ಇಂದಿಗೂ ಹೊತ್ತಿದೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಕಾರ್ಮಿಕ ಸಂಘಟನೆಯ ಪಾಠ ಕಲಿತದ್ದೂ ಅವರ ಬಳಿಯಲ್ಲೇ. ಬಂದರಿನ ಒಪ್ಪಂದಗಳ ವಿಶೇಷವೆಂದರೆ, ಅವು ಕೂಲಿಯ ದರಕ್ಕಿಂತ ಮೊದಲು ಕೆಲಸಗಾರನ ಗುರುತನ್ನು ಸ್ಥಾಪಿಸಿದವು. ಹೆಸರಿಲ್ಲದ ಕೂಲಿಯು ಪುಸ್ತಕದಲ್ಲಿ ಹೆಸರುಳ್ಳ ಕಾರ್ಮಿಕನಾದನು. ೧೯೮೯ರಲ್ಲಿ ನ್ಹಾವಾ ಶೇವಾ ಬಂದರು ಆರಂಭವಾಗಿ, ಕಂಟೇನರುಗಳು ಬಂದು, ಸರಕನ್ನು ಹೆಗಲ ಮೇಲೆ ಹೊರುವ ಕೆಲಸವೇ ಕ್ಷೀಣಿಸಿತು. ಆದರೂ ನೋಂದಾಯಿತ ಕಾರ್ಮಿಕರು ಗಿರಣಿಯ ಬದಲಿಗಳಂತೆ ಬರಿಗೈಯಲ್ಲಿ ಬೀದಿಗೆ ಬೀಳದಿದ್ದುದಕ್ಕೆ ಆ ಪುಸ್ತಕವೇ ಆಧಾರವಾಯಿತು.

೭

ಹೊರನಾಡಿನ ಕನ್ನಡಿಗರ ಮಟ್ಟಿಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಮುಂಬಯಿಗೆ ಹೋದ ಕರಾವಳಿಯ ಹುಡುಗರಲ್ಲಿ ಬಹುಮಂದಿ ಸೇರಿದ್ದು ಗಿರಣಿಯನ್ನಲ್ಲ, ಬಂದರನ್ನೂ ಅಲ್ಲ, ಉಡುಪಿ ಹೋಟೆಲುಗಳನ್ನು. ಅಲ್ಲಿ ಮಾಲೀಕನೂ ಕೆಲಸದವನೂ ಒಂದೇ ಸೀಮೆಯವರು, ಕೆಲವೊಮ್ಮೆ ಬಂಧುಗಳು. ಊಟ, ಮಲಗಲು ಜಾಗ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಲು ಬಿಡುವು ಇವೆಲ್ಲ ಮಾಲೀಕನ ಔದಾರ್ಯವೆಂದೇ ನೆನಪಿನಲ್ಲಿ ಉಳಿದವು. ಕೆಲಸದ ಹೊತ್ತು, ವಾರದ ರಜೆ ಮುಂತಾದವು ಅಂಗಡಿ ಮತ್ತು ಸಂಸ್ಥೆಗಳ ೧೯೪೮ರ ಕಾಯಿದೆಯಿಂದ ಬಂದವೇ ಹೊರತು ಬಹುಪಾಲು ಒಪ್ಪಂದದಿಂದಲ್ಲ. ಊರಿನ ನಂಟು ಕೆಲಸ ಕೊಡಿಸಿತು; ಅದೇ ನಂಟು ಕರಾರು ಕೇಳುವ ನಾಲಗೆಯನ್ನೂ ಕಟ್ಟಿತು. ನಮ್ಮ ವಲಸೆಯ ಕಥನಗಳು ಮೊದಲ ಸಂಗತಿಯನ್ನು ಧಾರಾಳವಾಗಿ ಹೇಳುತ್ತವೆ, ಎರಡನೆಯದನ್ನು ಅಷ್ಟಾಗಿ ಹೇಳುವುದಿಲ್ಲ.

ಮಾಲೀಕನೇ ಇಲ್ಲದ ಕಡೆ ಒಪ್ಪಂದ ಹೇಗೆ ಎಂಬ ಪ್ರಶ್ನೆಯನ್ನು ಅಹಮದಾಬಾದೇ ಎತ್ತಿತು. ಮಜೂರ್ ಮಹಾಜನದ ಮಹಿಳಾ ವಿಭಾಗದಿಂದ ೧೯೭೨ರಲ್ಲಿ ಇಳಾ ಭಟ್ಟರು ಕಟ್ಟಿದ 'ಸೇವಾ' ಸಂಘಟನೆಯ ಸದಸ್ಯೆಯರು ತಲೆಹೊರೆಯವರು, ಚಿಂದಿ ಹೊಲಿಯುವವರು, ತರಕಾರಿ ಮಾರುವವರು. ಉದ್ಯೋಗದಾತನಿಲ್ಲದವರ ಸಂಘವು ಯಾರ ವಿರುದ್ಧ ಹೋರಾಡುವುದೆಂಬ ಆಕ್ಷೇಪ ನೋಂದಣಿಯ ವೇಳೆಯಲ್ಲಿಯೇ ಬಂದಿತು. ಸಂಘವಿರುವುದು ಯಾರದೋ ವಿರುದ್ಧ ನಿಲ್ಲುವುದಕ್ಕಲ್ಲ, ದುಡಿಯುವವರು ಒಂದಾಗುವುದಕ್ಕೆ ಎಂಬುದು ಅವರ ಉತ್ತರವಾಗಿತ್ತು.

೮

ಆರಂಭದಲ್ಲಿ ಹೇಳಿದ ಐದು ಪ್ರಶ್ನೆಗಳಿಗೆ ಈಗ ಹಿಂದಿರುಗಬಹುದು. ಶಾಸನದ ಕಟ್ಟಳೆ ಆಚಂದ್ರಾರ್ಕವಾಗಿ ನಿಲ್ಲಬೇಕೆಂಬುದು ಆಶಯ. ಕಾರ್ಮಿಕ ಒಪ್ಪಂದಕ್ಕೆ ಅವಧಿಯಿದೆ, ಅವಧಿ ಮುಗಿದಾಗ ಮರುಮಾತುಕತೆಯಿದೆ. ಇದು ಕೊರತೆಯಲ್ಲ, ಅದರ ಜೀವಾಳ. ಶಾಸನ ಮುರಿದವನಿಗೆ ಶಾಪ. ಒಪ್ಪಂದ ಮುರಿದವನಿಗೆ ದಂಡ, ಅದಕ್ಕೂ ಮಿಗಿಲಾಗಿ ಮುಷ್ಕರದ ಸಾಧ್ಯತೆ. ಸಾಕ್ಷಿಯ ಸ್ಥಾನದಲ್ಲಿ ಪಂಚರು, ಸಂಧಾನಾಧಿಕಾರಿಗಳು. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯ ೧೮ನೆಯ ಕಲಮಿನ ಪ್ರಕಾರ, ಖಾಸಗಿಯಾಗಿ ಆದ ಒಪ್ಪಂದವು ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತಿತ್ತು. ಸಂಧಾನಾಧಿಕಾರಿಯ ಮುಂದೆ ಆದುದು ಆ ಕಾರ್ಖಾನೆಯ ಎಲ್ಲರನ್ನೂ, ಮುಂದೆ ಸೇರುವವರನ್ನೂ ಕಟ್ಟುತ್ತಿತ್ತು. ಇನ್ನೂ ಕೆಲಸಕ್ಕೆ ಸೇರದವನ ಪರವಾಗಿಯೂ ಸಹಿ ಬೀಳುವಾಗ, ಸಹಿ ಹಾಕುವವನ ಅರ್ಹತೆಯ ಪ್ರಶ್ನೆ ಇನ್ನಷ್ಟು ಗುರುತರವಾಗುತ್ತದೆ.

೨೦೨೦ರಲ್ಲಿ ಅಂಗೀಕಾರವಾಗಿ ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಈ ಹಳೆಯ ಪ್ರಶ್ನೆಗೆ ಹೊಸ ಉತ್ತರ ಕೊಡಲು ಯತ್ನಿಸಿದೆ. ಶೇಕಡ ೫೧ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘವು ಏಕೈಕ ಮಾತುಕತೆಯ ಸಂಘ. ಅಂತಹ ಸಂಘವಿಲ್ಲದಿದ್ದಲ್ಲಿ ಶೇಕಡ 20ರಷ್ಟು ಬೆಂಬಲಕ್ಕೊಬ್ಬರಂತೆ ಪ್ರತಿನಿಧಿಗಳಿರುವ ಮಾತುಕತೆಯ ಮಂಡಲಿ. ಅಂಕಿಗಳು ಸ್ಪಷ್ಟವಾಗಿವೆ. ಆದರೆ ಮುಂಬಯಿಯ ಅನುಭವ ತಿಳಿಸುವುದೇನೆಂದರೆ, ಬೆಂಬಲವನ್ನು ಎಣಿಸುವ ವಿಧಾನವು ಕಾರ್ಮಿಕರ ನಂಬಿಕೆಗೆ ಪಾತ್ರವಾಗದಿದ್ದರೆ ಅಂಕಿಯು ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದ ಗುತ್ತಿಗೆಯವರು, ಬದಲಿಗಳು, ಮನೆಯಲ್ಲಿ ಕೂತು ದುಡಿಯುವವರು ಆ ಶೇಕಡಾವಾರಿನ ಲೆಕ್ಕಕ್ಕೇ ಬರುವುದಿಲ್ಲ. ೧೯೨೮ರಲ್ಲಿ ಅಂಬೇಡ್ಕರರು ಎತ್ತಿದ ಆಕ್ಷೇಪ ಬೇರೆ ವೇಷದಲ್ಲಿ ಇಂದಿಗೂ ಉಳಿದಿದೆ.

ಕಡೆಯದಾಗಿ ಒಂದು ಸೂಚನೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಸಂಶೋಧನೆ ನಡೆಸುತ್ತಿರುವ ಕನ್ನಡ ವಿದ್ಯಾರ್ಥಿಗಳು ವಲಸೆಯ ಚರಿತ್ರೆಗಾಗಿ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳನ್ನು ಶ್ರದ್ಧೆಯಿಂದ ನೋಡುತ್ತಾರೆ. ಅವುಗಳೊಂದಿಗೆ ಕಾರ್ಮಿಕ ಸಂಘಗಳ ಕಡತಗಳನ್ನೂ, ಒಪ್ಪಂದದ ಪ್ರತಿಗಳನ್ನೂ, ಬೋರ್ಡಿನ ನೋಂದಣಿ ಪುಸ್ತಕಗಳನ್ನೂ ನೋಡಬೇಕಾಗಿದೆ. ಗಿರಣಿಗಳು ಕಣ್ಮರೆಯಾದಂತೆ ಈ ಕಾಗದಗಳೂ ರದ್ದಿಗೆ ಹೋಗುತ್ತವೆ. ಅವುಗಳಲ್ಲಿ ದಾನಿಗಳ ಹೆಸರಿಲ್ಲ. ದುಡಿದವರ ಹೆಸರಿದೆ, ಕೆಲವೆಡೆ ಸಹಿಯ ಬದಲಿಗೆ ಹೆಬ್ಬೆಟ್ಟಿನ ಗುರುತಿದೆ. ಕಲ್ಲಿನ ಶಾಸನಗಳಿಗೆ ನಾವು ತೋರಿದ ಆಸ್ಥೆಯಲ್ಲಿ ಒಂದು ಪಾಲನ್ನಾದರೂ ಅವುಗಳಿಗೆ ಸಲ್ಲಿಸುವುದು ನಮ್ಮ ಮುಂದಿರುವ ಕೆಲಸ.